ಕಳ್ಳ ಯಾರೆಂದು ಗೊತ್ತಿದ್ದ ಮೇಲೂ

ಸುಳ್ಯದ ನನ್ನ ಮಾವನ ಜೊತೆ ಪತ್ತೇದಾರಿ ಸಿನಿಮಾ ನೋಡುವುದು ಕಷ್ಟ. ಹತ್ತು ನಿಮಿಷ ಆಗುವುದರೊಳಗೆ ‘ಅವನೇ ಮಾರಾಯ, ಕೊನೆಗೆ ಸಿಕ್ಕಿಬೀಳುವುದು’ ಎಂದುಬಿಡುತ್ತಾರೆ. ಈ ಮಳೆಗಾಲದಲ್ಲಿ ಕರೆಂಟಿಲ್ಲದ ಒಂದು ಸಂಜೆ, ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ‘ಜೇಡರ ಬಲೆ’ ನೋಡಿದಾಗಲೂ ಹಾಗೆಯೇ ಆಯಿತು. ನನಗೆ ಸಿಟ್ಟು ಬಂತು. ಆದರೆ ಸಿನಿಮಾ ಮುಗಿಯುವವರೆಗೆ ಇಬ್ಬರೂ ಏಳಲಿಲ್ಲ. ಯಾಕೆ ಏಳಲಿಲ್ಲ ಎಂಬುದೇ ಆಮೇಲೆ ಕಾಡಿದ ಪ್ರಶ್ನೆ.

1968ರ ಈ ಚಿತ್ರ ದೊರೆ–ಭಗವಾನ್ ಜೋಡಿಯದು. ಲೋಹವನ್ನು ಚಿನ್ನ ಮಾಡುವ ಒಂದು ಸೂತ್ರ, ಅದಕ್ಕಾಗಿ ಹೊಂಚುವ ದುಷ್ಟರು, ಸಿಐಡಿ 999 ಆಗಿ ರಾಜ್‌ಕುಮಾರ್. ಜೇಮ್ಸ್ ಬಾಂಡ್‌ನ ನೆರಳು ಢಾಳಾಗಿ ಕಾಣುತ್ತದೆ. ಬರೀ ರಹಸ್ಯಚಿತ್ರವೆಂದು ಅಳೆದರೆ ಇದು ಸೋಲುತ್ತದೆ. ತಮಿಳಿನ ‘ಅಂದ ನಾಳ್’ (1954) ಪಕ್ಕಕ್ಕಿಟ್ಟು ನೋಡಿ. ಎಸ್. ಬಾಲಚಂದರ್ ಒಂದೂ ಹಾಡಿಲ್ಲದೆ, ಶಿವಾಜಿ ಗಣೇಶನ್ ಪಾತ್ರವನ್ನು ಆರಂಭದಲ್ಲೇ ಕೊಲ್ಲಿಸಿ, ಒಬ್ಬೊಬ್ಬರ ಹೇಳಿಕೆಯಲ್ಲೂ ಸಂಶಯವನ್ನು ಇನ್ನೊಬ್ಬರ ಮೇಲೆ ಹೊರಳಿಸುತ್ತಾರೆ. ಅಂಥ ಬಿಗಿ ನಮ್ಮ ಚಿತ್ರಕ್ಕಿಲ್ಲ, ಒಪ್ಪಿಕೊಳ್ಳೋಣ. ಹಾಡು ಬಂತೆಂದರೆ ತನಿಖೆಗೂ ರಜೆ.

ಆದರೆ ನಮ್ಮ ಕಡೆಯವರು ಕಥೆ ಗೊತ್ತಿಲ್ಲದೆ ಆಟ ನೋಡಿದ್ದಾದರೂ ಯಾವಾಗ? ಪುತ್ತೂರು, ಕಡಬದ ಗದ್ದೆಗಳಲ್ಲಿ ‘ದೇವಿ ಮಹಾತ್ಮೆ’ಗೆ ರಾತ್ರಿಯಿಡೀ ಕೂತವರಿಗೆ ಮಹಿಷಾಸುರ ಸಾಯುತ್ತಾನೆಂದು ಮೊದಲೇ ಗೊತ್ತು. ಆದರೂ ಅವನು ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಅಬ್ಬರಿಸುತ್ತ ಬರುವಾಗ, ರಾಳದ ಹುಡಿ ಭಗ್ಗೆಂದಾಗ, ನಿದ್ದೆ ಹೋದ ಮಕ್ಕಳನ್ನು ತಟ್ಟಿ ಎಬ್ಬಿಸುತ್ತಾರೆ. ‘ಯಾರು’ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಹೇಗೆ ಬರುತ್ತಾನೆ, ಎಷ್ಟು ಹೊತ್ತು ಕಾಯಿಸುತ್ತಾನೆ ಎಂಬುದೇ ಪ್ರಶ್ನೆ. ಮಾವ ‘ಜೇಡರ ಬಲೆ’ ನೋಡಿದ್ದು ಆ ಕಣ್ಣಿನಿಂದ. ಒಗಟು ಬಿಡಿಸಲು ಕೂತಿದ್ದ ನಾನು ಅರ್ಧ ಸಿನಿಮಾ ಕಳೆದುಕೊಂಡಿದ್ದೆ.

ಹೀಗೆ ನೋಡಿದರೆ ಕಪ್ಪು ಬಿಳುಪು ಬರೀ ಆ ಕಾಲದ ಬಡತನವಾಗಿ ಕಾಣುವುದಿಲ್ಲ. ದೊರೆರಾಜ್ ಮೂಲತಃ ಛಾಯಾಗ್ರಾಹಕರು. ಇಂಥ ಚಿತ್ರದಲ್ಲಿ ಕತ್ತಲೆಯೂ ಒಂದು ಪಾತ್ರ, ಬಾಗಿಲಾಚೆ ಯಾರಿದ್ದಾರೆಂದು ಅದು ಸ್ವಲ್ಪ ತಡವಾಗಿ ತೋರಿಸುತ್ತದೆ. ಇದೇ ಜೋಡಿಯ ‘ಕಸ್ತೂರಿ ನಿವಾಸ’ಕ್ಕೆ (1971) 2014ರಲ್ಲಿ ಬಣ್ಣ ಹಚ್ಚಿದರು. ಕೊಟ್ಟು ಬರಿಗೈಯಾದವನ ಆ ಕಥೆ ಬಣ್ಣವನ್ನು ಹೇಗೋ ತಡೆದುಕೊಂಡಿತು. ‘ಜೇಡರ ಬಲೆ’ ತಡೆಯಲಾರದು. ಮೂಲೆಯ ಕಪ್ಪೆಲ್ಲ ನೀಲಿ ಗೋಡೆ, ಹಸಿರು ಪರದೆ ಆದರೆ ಅಡಗಲು ಜಾಗವೇ ಇರುವುದಿಲ್ಲ.

ಅಂದು ಕ್ಲೈಮ್ಯಾಕ್ಸಿಗೆ ಸರಿಯಾಗಿ ಕರೆಂಟು ಬಂತು. ಮಾವ ಎದ್ದರು, ಟ್ಯೂಬ್‌ಲೈಟ್ ಆರಿಸಿದರು, ಮತ್ತೆ ಬಂದು ಕೂತರು.