ಹಿಮ್ಮೇಳದವರ ಪದ

ಶ್ರಾವಣದ ಶನಿವಾರ ರಾತ್ರಿ ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಹೋಗುವ ದಾರಿಯ ಊರುಗಳಲ್ಲಿ ಹನುಮಪ್ಪನ ಗುಡಿಯಿಂದ ಭಜನೆ ಕೇಳಿಸುತ್ತದೆ. ಪೂಜಾರಿ ಸಂಜೆಯೇ ದೀಪ ಹಚ್ಚಿ, ಮಂಗಳಾರತಿ ಮುಗಿಸಿ ಮನೆಗೆ ಹೋಗಿರುತ್ತಾನೆ. ಅಲ್ಲಿಂದ ಮುಂದಿನದು ಬೇರೆಯವರ ಪಾಳಿ. ಹಾರ್ಮೋನಿಯಂ ಎಳೆದುಕೊಂಡು ಕೂತವರು ಹಗಲೆಲ್ಲ ಭತ್ತದ ಗದ್ದೆಗೆ ನೀರು ಕಟ್ಟಿ ಬಂದಿರಬಹುದು, ತಬಲ ಬಾರಿಸುವವರು ಊರಿನ ಟೇಲರ್ ಇರಬಹುದು, ತಾಳ ಹಿಡಿದವರಲ್ಲಿ ಇಬ್ಬರು ಶಾಲೆಯ ಹುಡುಗರು. ಇವರನ್ನು ಯಾವ ಮಠವೂ ನೇಮಿಸಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಗಣಪತಿಯ ಪದದಿಂದ ಶುರುವಾಗಿ ಮಂಗಳದ ಪದಕ್ಕೆ ಮುಗಿಯುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಆಮೇಲೆ ಕೊಬ್ಬರಿ ಸಕ್ಕರೆ. ಯಾರಾದರೂ ಹರಕೆ ಹೊತ್ತಿದ್ದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ.

ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಜಾನಪದದ ಅಧ್ಯಾಯಕ್ಕೆ ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿ ಹಾಡಿದ ಪದಗಳನ್ನು ಮಾತ್ರ ಬೇರೆ ಅಧ್ಯಾಯದಲ್ಲಿ, ಪುರಂದರದಾಸರು, ಕನಕದಾಸರು, ಶಿಶುನಾಳ ಶರೀಫರು ಎಂಬ ಹೆಸರುಗಳ ಕೆಳಗೆ ಓದುತ್ತಾರೆ. ಈ ಎರಡು ಅಧ್ಯಾಯಗಳನ್ನು ಬೇರೆ ಮಾಡಿದ್ದೇ ನಮ್ಮ ವಿಮರ್ಶೆಯ ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ. ಕೀರ್ತನೆಯನ್ನೂ ತತ್ವಪದವನ್ನೂ ಕಟ್ಟಿದ್ದು ಒಬ್ಬರೇ ಕೂತು ಓದಲಿಕ್ಕಲ್ಲ. ಪೂಜಾರಿಯಿಲ್ಲದ ಒಂದು ಸಣ್ಣ ಸಭೆ ತನ್ನನ್ನು ತಾನೇ ನಡೆಸಿಕೊಳ್ಳಲಿಕ್ಕೆ ಆದ ಕಾವ್ಯ ಅದು. ಆ ಸಭೆಯನ್ನು ತೆಗೆದುಬಿಟ್ಟರೆ ಪದದ ಅರ್ಧ ಅರ್ಥವೂ ಜೊತೆಗೇ ಹೋಗುತ್ತದೆ.

ಪಲ್ಲವಿಯನ್ನೇ ನೋಡಿ. ಅಚ್ಚಾದ ಪುಸ್ತಕದಲ್ಲಿ ಅದು ಮೇಲೆ ಒಮ್ಮೆ ಬರುತ್ತದೆ, ಆಮೇಲೆ ಪ್ರತಿ ನುಡಿಯ ಕೊನೆಗೆ ಒಂದು ಅಡ್ಡಗೆರೆಯೋ ಚುಕ್ಕಿಯೋ ಆಗಿ ಉಳಿಯುತ್ತದೆ. ಓದುವವರ ಕಣ್ಣು ಅದನ್ನು ಹಾರಿಸಿಕೊಂಡು ಹೋಗುತ್ತದೆ. ಭಜನೆಯಲ್ಲಿ ಹಾಗಲ್ಲ. ಮುಂದೆ ಹಾಡುವವರು ನುಡಿ ಹೇಳುತ್ತಾರೆ, ಹಿಮ್ಮೇಳದವರು ಪಲ್ಲವಿಗೆ ಬಂದು ಕೂಡುತ್ತಾರೆ. ಅಕ್ಷರ ಬಾರದ ಮುದುಕಿ ಮೊದಲ ಸಲ ಬಾಯಿ ಆಡಿಸುತ್ತಾಳೆ, ಎರಡನೆಯ ಸಲ ದನಿ ತೆಗೆಯುತ್ತಾಳೆ, ನಾಲ್ಕನೆಯ ನುಡಿಯ ಹೊತ್ತಿಗೆ ಪದದ ಅರ್ಧ ಅವಳದೇ ಆಗಿರುತ್ತದೆ. ಪುಸ್ತಕ ಇಲ್ಲದವರು ಪದದೊಳಕ್ಕೆ ಬರುವ ಬಾಗಿಲು ಪಲ್ಲವಿ. ಅದನ್ನು ಪುನರಾವರ್ತನೆ ಎಂದು ಕರೆಯುವವರು ಹೊರಗೆ ನಿಂತು ನೋಡಿದವರು.

ಪುರಂದರದಾಸರ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವ ರಾಗಿ ಬೇಡುವ ಪದವಿದೆ. ಪಲ್ಲವಿಯಲ್ಲಿರುವುದು ಮನೆಬಾಗಿಲಲ್ಲಿ ನಿಂತು ಕೇಳುವ ಧಾನ್ಯ. ನುಡಿಗಳಲ್ಲಿ ಅದೇ ‘ರಾಗಿ’ ವ್ಯಾಕರಣದ ತುಂಡಾಗುತ್ತದೆ: ಯೋಗ್ಯರಾಗಿ, ಭಾಗ್ಯವಂತರಾಗಿ ಎನ್ನುವಾಗ ಕೊನೆಗೆ ಬರುವ ‘ರಾಗಿ’. ಪಾಠದ ಕೋಣೆಯಲ್ಲಿ ಇದಕ್ಕೆ ಶ್ಲೇಷೆ ಎಂದು ಹೆಸರು ಬರೆಸಿ ಮುಗಿಸುತ್ತೇವೆ. ಸಭೆಯಲ್ಲಿ ಕೇಳಿದರೆ ಅದು ಎರಡು ದನಿಗಳ ಆಟ. ಒಂದು ದನಿ ಹೇಗೆ ಬದುಕಬೇಕು ಎಂದು ಹೇಳುತ್ತಾ ಹೋಗುತ್ತದೆ, ಇಪ್ಪತ್ತು ದನಿಗಳು ಸೇರಿ ಆ ಉಪದೇಶವನ್ನೆಲ್ಲ ಮತ್ತೆ ಕಾಳಿಗೆ ತಂದು ನಿಲ್ಲಿಸುತ್ತವೆ. ಉಪದೇಶ ಕೊಡುವವರಿಗಿಂತ ಹಸಿವು ಹೇಳುವವರ ದನಿ ದೊಡ್ಡದು. ಪುಟದ ಮೇಲೆ ಕಾಣುವುದು ಒಬ್ಬ ಕವಿಯ ಜಾಣತನ ಮಾತ್ರ.

ನಮ್ಮದಲ್ಲದ ಒಂದು ಉದಾಹರಣೆ ತಂದರೆ ಇದು ಇನ್ನಷ್ಟು ಸ್ಪಷ್ಟವಾಗಬಹುದು. ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡವಿದೆ. ನಮಗೆ ತೀರ ದೂರದವರೂ ಅಲ್ಲ. ರಾಯಚೂರಿನ ಗಡಿ ದಾಟಿದರೆ ಗದ್ವಾಲ, ಮೆಹಬೂಬನಗರ ಸೀಮೆಯಲ್ಲಿ ಅವರ ಒಂದು ಶಾಖೆಯ ಸಭೆಗಳು ತೆಲುಗಿನಲ್ಲಿ ನಡೆಯುತ್ತವೆ. ಈ ಪಂಗಡದ ಮೂಲ 1525ರ ಜ್ಯೂರಿಕ್‌ನಲ್ಲಿದೆ. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಬೇಡ, ತಿಳಿವಳಿಕೆ ಬಂದವರು ತಾವೇ ಕೇಳಿ ಪಡೆಯಬೇಕು, ಕತ್ತಿ ಹಿಡಿಯಬಾರದು ಎಂದವರನ್ನು ಕ್ಯಾಥೊಲಿಕರೂ ಕೊಂದರು, ಪ್ರಾಟೆಸ್ಟೆಂಟರೂ ಕೊಂದರು. ಪಾದ್ರಿಯ ಹುದ್ದೆ ಬಿಟ್ಟು ಇವರ ಜೊತೆ ಸೇರಿದ ಮೆನ್ನೊ ಸೈಮನ್ಸ್ ಎಂಬಾತನಿಂದ ಪಂಗಡಕ್ಕೆ ಆ ಹೆಸರು ಬಂತು. ಇವರಲ್ಲಿ ಹಳೆಯ ಕಟ್ಟಳೆ ಬಿಡದವರ, ಇವರ ದಾಯಾದಿಗಳಾದ ಆಮಿಶರ ಸಭೆಗಳಲ್ಲಿ ಇವತ್ತಿಗೂ ಬೋಧಕನನ್ನು ಚೀಟಿ ಎತ್ತಿ ಆರಿಸುತ್ತಾರೆ. ಸಭೆ ಸೂಚಿಸಿದ ಗಂಡಸರ ಮುಂದೆ ಅಷ್ಟೇ ಸಂಖ್ಯೆಯ ಹಾಡಿನ ಪುಸ್ತಕಗಳನ್ನಿಟ್ಟು, ಒಂದರೊಳಗೆ ಚೀಟಿ ಇಟ್ಟಿರುತ್ತಾರೆ. ಅದು ಯಾರ ಕೈಗೆ ಬಂತೋ ಆ ರೈತನೇ ಬೋಧಕ, ಬದುಕಿಡೀ. ಸಂಬಳವಿಲ್ಲ, ಪಾದ್ರಿಯ ಓದೂ ಇಲ್ಲ. ಗುರುವನ್ನು ಆರಿಸಲು ಹಾಡಿನ ಪುಸ್ತಕವೇ ಬೇಕಾಗುತ್ತದೆ ಎನ್ನುವುದು ಎಷ್ಟು ಸಲ ನೆನೆದರೂ ನನಗೆ ಬೆರಗು.

ಆಮಿಶರು ಇಂದಿಗೂ ಹಾಡುವ ಪುಸ್ತಕದ ಹೆಸರು ‘ಔಸ್‌ಬುಂಡ್’. ಡಾನ್ಯೂಬ್ ನದಿಯ ದಡದ ಪಾಸೌ ಕೋಟೆಯ ಸೆರೆಯಲ್ಲಿ, 1535ರ ಸುಮಾರಿಗೆ ಸಿಕ್ಕಿಬಿದ್ದವರು ಕಟ್ಟಿದ ಹಾಡುಗಳು ಅದರ ಬೀಜ. ಮೊದಲು ಅಚ್ಚಾದದ್ದು 1564ರಲ್ಲಿ. ಸಂಪ್ರದಾಯ ಹೇಳುವಂತೆ ಪುರಂದರದಾಸರು ತೀರಿಕೊಂಡ ವರ್ಷವೂ ಅದೇ. ಇದು ಬರೀ ಕಾಕತಾಳೀಯ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಕ್ಕೆ ಒಂದು ನೆಪ. ಔಸ್‌ಬುಂಡ್‌ನಲ್ಲಿ ಸ್ವರಲಿಪಿ ಇಲ್ಲ, ಯಾವ ಮಟ್ಟಿನಲ್ಲಿ ಹಾಡಬೇಕು ಎಂಬ ಸೂಚನೆ ಮಾತ್ರ ಇದೆ. ನಮ್ಮ ಕೀರ್ತನೆಗಳ ತಲೆಯ ಮೇಲೆ ರಾಗ, ತಾಳದ ಹೆಸರು ಬರೆದು ಬಿಡುವ ಹಾಗೆ. ಹಾಡುವವನೊಬ್ಬ ಪ್ರತಿ ಸಾಲಿನ ಮೊದಲ ಅಕ್ಷರವನ್ನು ಒಬ್ಬನೇ ಎತ್ತುತ್ತಾನೆ, ಉಳಿದದ್ದನ್ನು ಸಭೆ ಹಾಡುತ್ತದೆ. ಪ್ರತಿ ಆರಾಧನೆಯಲ್ಲೂ ಎರಡನೆಯದಾಗಿ ಹಾಡಲೇಬೇಕಾದ ಸ್ತುತಿಯೊಂದಿದೆ. ನಾಲ್ಕೇ ನುಡಿ, ಹಿಡಿಯುವ ಹೊತ್ತು ಇಪ್ಪತ್ತು ನಿಮಿಷದಷ್ಟು. ಸ್ವರ ಬರೆದಿಡದ ಹಾಡು ನಾನ್ನೂರೈವತ್ತು ವರ್ಷ ಉಳಿದದ್ದು ಪ್ರತಿ ತಲೆಮಾರೂ ಹಾಡುವವರ ಪಕ್ಕದಲ್ಲಿ ಕೂತು ಕಲಿತಿದ್ದರಿಂದ.

ಹಂಪಿಯ ಕತೆಯೂ ಹೀಗೇ ಇದೆ. 1565ರ ಜನವರಿಯ ರಕ್ಕಸತಂಗಡಿ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಯಾವ ವಿಠಲನ ಹೆಸರು ಪ್ರತಿ ಪದದ ಕೊನೆಗೆ ಅಂಕಿತವಾಗಿ ಬರುತ್ತದೋ ಆ ವಿಠಲನ ಗುಡಿಯಲ್ಲಿ ಇವತ್ತು ಪೂಜೆ ಇಲ್ಲ, ಟಿಕೆಟ್ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ತುಂಗಭದ್ರೆಯ ಅಂಚಿಗೆ ಇರುವ ಪುರಂದರ ಮಂಟಪ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುಳುಗುತ್ತದೆ, ಇಳಿದಾಗ ಏಳುತ್ತದೆ. ಪುಷ್ಯದ ಅಮಾವಾಸ್ಯೆಗೆ ದಾಸರ ಆರಾಧನೆ ನಡೆಯುತ್ತದೆ. ಅರಮನೆ, ಗುಡಿ, ಪೇಟೆ ಯಾವುದೂ ಉಳಿಸಿಕೊಳ್ಳದ ಪದಗಳನ್ನು ಉಳಿಸಿಕೊಂಡವರು ಯಾರು? ವ್ಯಾಸಕೂಟ, ದಾಸಕೂಟ ಎಂದು ಎರಡು ಮಾಡಿ ಹೇಳುವ ರೂಢಿಯಿದೆ. ಸಂಸ್ಕೃತದ ಪಂಡಿತರು ಅತ್ತ, ಕನ್ನಡದ ಹಾಡುಗಾರರು ಇತ್ತ. ‘ಕೂಟ’ ಎಂಬ ಮಾತನ್ನು ನಾವು ಶಾಖೆ, ಪಂಥ ಎಂಬ ಅರ್ಥದಲ್ಲಿ ಬಳಸಿ ಸವೆಸಿದ್ದೇವೆ. ಅದರ ನೇರ ಅರ್ಥ ಕೂಡುವುದು, ಒಟ್ಟಿಗೆ ಕೂರುವುದು.

ಈ ಪದಗಳು ಅಚ್ಚಿಗೆ ಬಂದ ಬಗೆಯಲ್ಲೂ ಒಂದು ವ್ಯಂಗ್ಯವಿದೆ. ‘ದಾಸರ ಪದಗಳು’ ಎಂದು ಮೊದಲು ಸಂಗ್ರಹಿಸಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು ದೊಡ್ಡ ಪ್ರಮಾಣದಲ್ಲಿ ಆ ಕೆಲಸ ಮಾಡಿದರು. ಇವರ ಋಣ ದೊಡ್ಡದು. ಆದರೆ ಪದ ಪುಸ್ತಕಕ್ಕೆ ಬಂದಾಗ ಪ್ರತಿಯೊಂದಕ್ಕೂ ಒಬ್ಬ ಕರ್ತೃ, ಒಂದು ಶುದ್ಧ ಪಾಠ ಬೇಕಾಯಿತು. ಆಮೇಲೆ ಬಂದ ಕ್ಯಾಸೆಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಭೀಮಸೇನ ಜೋಶಿಯವರ ದಾಸವಾಣಿ, ಸಿ. ಅಶ್ವಥ್ ಹಾಡಿದ ಶರೀಫ ಇವೆರಡೂ ನನಗೆ ಪ್ರಿಯವೇ. ಅಶ್ವಥ್ ಇಲ್ಲದಿದ್ದರೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಶರೀಫರ ಹೆಸರೇ ತಲುಪುತ್ತಿರಲಿಲ್ಲ. ಆದರೂ ಆ ಕಂಚಿನ ಕಂಠದ ಎದುರು ಕೇಳುವವರಿಗೆ ಉಳಿದದ್ದು ಕೇಳುವ ಕೆಲಸವಷ್ಟೇ. ಮಂಡಳಿಯ ಶರೀಫ ಗುಂಪಿನಲ್ಲಿ ಒಬ್ಬ, ಕ್ಯಾಸೆಟ್ಟಿನ ಶರೀಫ ಒಂಟಿ ಅನುಭಾವಿ. ವಿಮರ್ಶೆ ಈ ಎರಡನೆಯವನ ಮೇಲೇ ತನ್ನ ಮಾತೆಲ್ಲ ಖರ್ಚು ಮಾಡಿದೆ.

ಮಂಡಳಿಯ ರಾತ್ರಿಯಲ್ಲಿ ದಾಸ ಸಾಹಿತ್ಯ, ತತ್ವಪದ ಎಂಬ ನಮ್ಮ ಗಡಿಗಳು ನಿಲ್ಲುವುದಿಲ್ಲ. ಪುರಂದರರ ಬೆನ್ನಿಗೆ ಶರೀಫರು, ಅವರ ಹಿಂದೆ ಕಡಕೋಳ ಮಡಿವಾಳಪ್ಪ, ನಡುವೆ ಹಳೆಯ ಸಿನಿಮಾದ ಮಟ್ಟಿಗೆ ಊರಿನವರೇ ಕಟ್ಟಿದ ಹನುಮಪ್ಪನ ಪದ. ದ್ವೈತ, ಅದ್ವೈತ ಎಂದು ಅಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ಇದೇ ಸೀಮೆಯ ಊರುಗಳಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದ ಕಡೆಯೂ ಮೊಹರಂ ನಡೆಯುತ್ತದೆ, ಪೀರಲ ದೇವರನ್ನು ಹೊರುವವರು, ಪದ ಹಾಡುವವರು ಊರಿನವರೇ. ಹೊಸಪೇಟೆಯಲ್ಲೇ ನೆಲೆಸಿ ಬರೆದ ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದಿದವರಿಗೆ ಇದು ಹೊಸದಲ್ಲ. ಸತ್ತವರ ಮನೆಯಲ್ಲಿ ಮಾತ್ರ ಪದಗಳ ಆಯ್ಕೆ ಬಿಗಿಯಾಗುತ್ತದೆ. ಹೆಣವನ್ನು ಕೂರಿಸಿ, ಮುಂದೆ ದೀಪ ಇಟ್ಟು ಬೆಳಗಿನ ತನಕ ಭಜನೆ ಮಾಡುವ ಕಡೆ ದೇಹ ಕೊಳೆಯುವ, ಗೂಡು ಬಿಟ್ಟು ಹಕ್ಕಿ ಹಾರುವ, ಬಾಡಿಗೆ ಮನೆ ಖಾಲಿ ಮಾಡುವ ಪದಗಳೇ ಬರುತ್ತವೆ. ವೈರಾಗ್ಯದ ಸವೆದ ರೂಪಕಗಳು ಎಂದು ನಾವು ತರಗತಿಯಲ್ಲಿ ಆಕಳಿಸಿದ ಮಾತುಗಳನ್ನೇ ಅಲ್ಲಿ, ಸತ್ತವನ ತಮ್ಮ ತಾಳ ಹಾಕುತ್ತಾ ಕೂತಿರುವಾಗ ಕೇಳಬೇಕು. ರೂಪಕ ಸವೆದಿರುವುದರಿಂದಲೇ ಆತ ಅದನ್ನು ಹಾಡಬಲ್ಲ. ಆ ರಾತ್ರಿ ಹೊಸ ರೂಪಕ ಯಾರಿಗೂ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಪೂಜಾರಿಯಿಲ್ಲದ ಸಭೆಯನ್ನು ಸಮಾನರ ಸಭೆ ಎಂದು ಹಾಡಿ ಹೊಗಳುವುದು ಸುಲಭ. ನಮ್ಮಲ್ಲಿ ಹಾಗೆ ಹೊಗಳುವ ಬರಹಕ್ಕೆ ಬರವಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ಹನುಮಪ್ಪನ ಗುಡಿಯ ಭಜನೆಗೆ ಎಲ್ಲ ಕೇರಿಯವರೂ ಒಳಗೆ ಬಂದು ಕೂರುತ್ತಾರೆಯೇ ಎಂದು ಕೇಳಿ ನೋಡಬೇಕು. ಎಷ್ಟೋ ಊರುಗಳಲ್ಲಿ ಕೇರಿಗೊಂದು ಮಂಡಳಿ ಇರುವುದು ಹಾಡಿನ ಹುಚ್ಚು ಹೆಚ್ಚಾಗಿ ಅಲ್ಲ. ಹಾರ್ಮೋನಿಯಂ ಮುಂದೆ ಯಾರು ಕೂರಬೇಕು ಎನ್ನುವುದಕ್ಕೆ ಚೀಟಿ ಎತ್ತುವುದಿಲ್ಲ.

ಚೀಟಿ ಎತ್ತುವ ಕಡೆಯೂ ಕತೆ ಬೇರೆಯೇನಲ್ಲ. ಕೆನಡಾದ ಮಿರಿಯಂ ಟೇವ್ಸ್ ಸ್ವತಃ ಮೆನ್ನೊನೈಟ್ ಊರಿನಲ್ಲಿ ಬೆಳೆದವರು. ಅವರ ‘ವಿಮೆನ್ ಟಾಕಿಂಗ್’ ಕಾದಂಬರಿ 2018ರಲ್ಲಿ ಬಂತು, 2022ರಲ್ಲಿ ಸಿನಿಮಾ ಆಯಿತು. ಬೊಲಿವಿಯಾದ ಒಂದು ಮೆನ್ನೊನೈಟ್ ವಸಾಹತಿನಲ್ಲಿ ಹೆಂಗಸರಿಗೆ ರಾತ್ರಿ ಮತ್ತು ಬರಿಸಿ, ಅದೇ ವಸಾಹತಿನ ಗಂಡಸರು ವರ್ಷಗಟ್ಟಲೆ ಅತ್ಯಾಚಾರ ಮಾಡಿದ ನಿಜ ಘಟನೆ ಅದರ ಹಿನ್ನೆಲೆ. ಕಾದಂಬರಿಯಲ್ಲಿ ಎಂಟು ಹೆಂಗಸರು ಹುಲ್ಲಿನ ಅಟ್ಟದ ಮೇಲೆ ಗುಟ್ಟಾಗಿ ಸೇರುತ್ತಾರೆ: ಸುಮ್ಮನಿರುವುದೋ, ಉಳಿದು ಹೋರಾಡುವುದೋ, ಊರು ಬಿಡುವುದೋ? ಅವರಿಗೆ ಓದು ಬರಹ ಬಾರದು, ಸಭೆಯ ಮಾತನ್ನು ಬರೆದುಕೊಳ್ಳುವವನು ಒಬ್ಬ ಗಂಡಸು. ಪಾದ್ರಿಗಳನ್ನು ಬಿಟ್ಟುಬಂದ ಪಂಗಡದೊಳಗೆ ಹಿರಿಯರು ಎಂಬ ಹೆಸರಿನಲ್ಲಿ ಅಧಿಕಾರ ಕೂತಿದೆ. ಟೇವ್ಸ್ ಅದನ್ನು ಬಯ್ದು ಮುಗಿಸುವುದಿಲ್ಲ. ಆ ಹೆಂಗಸರು ವಾದದ ನಡುವೆ ತಮ್ಮ ಸಭೆಯ ಹಾಡನ್ನೇ ಹಾಡುತ್ತಾರೆ, ಕ್ಷಮೆ ಎಂದರೆ ಏನು ಎಂದು ಆ ಧರ್ಮದ ಮಾತಿನಲ್ಲೇ ಜಗಳವಾಡುತ್ತಾರೆ. ತಾವು ಕೂಡಿದ ಆ ಅಟ್ಟವೇ ಅವರಿಗೆ ಮೊದಲ ನಿಜವಾದ ಸಭೆ. ಕಾದಂಬರಿ ಮಾತಿನ ಭಾರದಿಂದ ಅಲ್ಲಲ್ಲಿ ಜಗ್ಗುತ್ತದೆ, ಬರೆದುಕೊಳ್ಳುವವನ ಸ್ವಗತ ಬೇಕಾದ್ದಕ್ಕಿಂತ ಹೆಚ್ಚಾಯಿತು. ಅದೇನೇ ಇರಲಿ, ನಮ್ಮ ಭಜನೆಗೂ ಕೇಳಬೇಕಾದ ಪ್ರಶ್ನೆ ಅಲ್ಲಿದೆ.

ವಿಜಯನಗರ ಜಿಲ್ಲೆಯಲ್ಲೇ ಇರುವ ಹರಪನಹಳ್ಳಿಯ ಭೀಮವ್ವನನ್ನು ಆ ಪ್ರಶ್ನೆ ಹಿಡಿದು ಓದಬೇಕು. ಹತ್ತೊಂಬತ್ತನೆಯ ಶತಮಾನದ ಈಕೆಯ ಅಂಕಿತ ‘ಭೀಮೇಶಕೃಷ್ಣ’. ದಾಸ ಸಾಹಿತ್ಯದ ಚರಿತ್ರೆಗಳಲ್ಲಿ ಆಕೆಗೆ ಸಿಗುವುದು ಮಹಿಳಾ ಹರಿದಾಸರು ಎಂಬ ಪಟ್ಟಿಯಲ್ಲಿ ಎರಡು ಮೂರು ಸಾಲು. ಆರತಿಯ ಹಾಡು, ಮದುವೆಯ ಹಾಡು, ಹಬ್ಬದ ದಿನ ಹೇಳುವ ಉದ್ದ ಕಥನಗಳು ಆಕೆಯ ಹೆಸರಿನಲ್ಲಿವೆ. ಗಂಡಸರ ಮಂಡಳಿ ಇವನ್ನು ಹಾಡುವುದು ಕಡಿಮೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಯಾರದೋ ಪಡಸಾಲೆಯಲ್ಲಿ ಸೇರುವ ಹೆಂಗಸರ ಮಂಡಳಿ ಇವನ್ನು ಹಾಡುತ್ತದೆ, ಬಹಳ ಸಲ ತಾಳವೊಂದೇ ವಾದ್ಯ. ಈ ಹಾಡುಗಳು ಯಾಕಿಷ್ಟು ಉದ್ದ, ಯಾಕಿಷ್ಟು ಸಾವಕಾಶ ಎಂದು ಗೊಣಗಿದ ವಿಮರ್ಶಕರು ಆ ಮಧ್ಯಾಹ್ನವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮನೆಯ ಕೆಲಸದಿಂದ ಎರಡು ತಾಸು ಎದ್ದು ಬರಲು ದೇವರ ಹಾಡು ಒಪ್ಪಿತವಾದ ಕಾರಣ. ಹಾಡು ಬೇಗ ಮುಗಿದರೆ ಸಭೆಯೂ ಬೇಗ ಮುಗಿಯುತ್ತದೆ.

ಮಂಡಳಿಗಳ ಹತ್ತಿರ ನೋಟುಪುಸ್ತಕಗಳಿವೆ. ಅಂಚು ಎಣ್ಣೆ ಕುಡಿದು ಕಪ್ಪಾದ, ಮೂರು ನಾಲ್ಕು ಕೈಬರಹದ ಪುಸ್ತಕಗಳು. ಒಂದೇ ಪದ ಎರಡು ಊರಿನ ಪುಸ್ತಕದಲ್ಲಿ ಎರಡು ಥರ ಇರುತ್ತದೆ, ಕೆಲವದರ ಅಂಕಿತ ಬದಲಾಗಿರುತ್ತದೆ, ಕೆಲವದಕ್ಕೆ ಒಂದು ನುಡಿ ಹೆಚ್ಚಿಗೆ ಸೇರಿರುತ್ತದೆ. ಸಂಪಾದಕರು ಇವನ್ನು ಅಪಪಾಠ ಎಂದು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಒಂದು ಮಂಡಳಿಯ ಪುಸ್ತಕವನ್ನು ಇದ್ದ ಹಾಗೇ, ಅದೇ ಅನುಕ್ರಮದಲ್ಲಿ, ಯಾವ ಪದ ಯಾವ ರಾತ್ರಿಗೆ ಎಂಬ ವಿವರದ ಜೊತೆ ಅಚ್ಚು ಹಾಕಿದರೆ ಹೇಗಿರುತ್ತದೆ? ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಸ್ಸು ಹಿಡಿದರೆ ಒಂದು ತಾಸಿನೊಳಗೆ ಕಂಪ್ಲಿ, ಇನ್ನೊಂದು ದಿಕ್ಕಿಗೆ ಸಂಡೂರು. ಅಲ್ಲಿಗೆ ಹೋಗುವ ವಿದ್ಯಾರ್ಥಿ ರೆಕಾರ್ಡರು ಒತ್ತಿ ಗೋಡೆಗೆ ಒರಗಿ ಕೂರಬಾರದು. ಯಾರಾದರೂ ಒಂದು ಜೊತೆ ತಾಳ ಕೈಗೆ ಕೊಡುತ್ತಾರೆ, ತಪ್ಪಿ ಬಾರಿಸಿದರೆ ಪಕ್ಕದಲ್ಲಿ ಕೂತ ಹುಡುಗ ಮೊಣಕೈಯಿಂದ ತಿವಿಯುತ್ತಾನೆ.