ತಪ್ಪೊಪ್ಪಿಗೆಯೋ, ಪಂಚನಾಮೆಯೋ

ಪೊಲೀಸ್ ನೌಕರಿ ಮುಗಿಸಿ ಲೇಖನಿ ಹಿಡಿದವರ ಬರಹಕ್ಕೆ ಕನ್ನಡದಲ್ಲಿ ಓದುಗರ ಬರವಿಲ್ಲ. ಡಿಜಿಪಿ ಆಗಿ ನಿವೃತ್ತರಾದ ಡಿ.ವಿ. ಗುರುಪ್ರಸಾದ್ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. 'ಟೈಗರ್' ಎಂದೇ ಹೆಸರಾದ ಬಿ.ಬಿ. ಅಶೋಕ್ ಕುಮಾರ್ ಅವರ ಸೇವಾ ನೆನಪುಗಳಿಗೂ ಅಭಿಮಾನಿಗಳಿದ್ದಾರೆ. ಇವರಿಬ್ಬರ ದಾರಿ ಬೇರೆ ಬೇರೆ, ನನ್ನ ತಕರಾರು ವ್ಯಕ್ತಿಗಳ ಮೇಲಲ್ಲ. ಈ ಪ್ರಕಾರದ ಕಥೆಗಳು ಸಾಮಾನ್ಯವಾಗಿ ದಡ ಮುಟ್ಟುವ ಜಾಗದ ಬಗ್ಗೆ ಅದು: ಠಾಣೆಯಲ್ಲಿ ಕೂತ ಆರೋಪಿ ಬಾಯಿಬಿಟ್ಟ ಅಂದರೆ ಕಥೆ ಮುಗಿಯಿತು. ಅದೇ ಮಾತನ್ನು ನ್ಯಾಯಾಲಯ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಕಾನೂನು ಹೊಸ್ತಿಲಾಚೆ ನಿಲ್ಲಿಸಿದ್ದನ್ನು ಈ ಬರಹ ಗರ್ಭಗುಡಿಯಲ್ಲಿ ಕೂರಿಸಿದೆ.

ಚಾಳಿ ಹಳೆಯದು. ನಿಜಾಮನ ಸೀಮೆಯಲ್ಲಿ ಪೊಲೀಸ್ ಕೆಲಸ ಮಾಡಿ, ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರೇ 'ಕನ್ಫೆಷನ್ಸ್ ಆಫ್ ಎ ಥಗ್'. ಅಮೀರ್ ಅಲಿ ಎಂಬ ಠಕ್ಕ ಸಾಹೇಬನೆದುರು ಕೂತು ತನ್ನ ಕೊಲೆಗಳನ್ನು ತಾನೇ ಬಣ್ಣಿಸುತ್ತಾನೆ. ಓದಿಸಿಕೊಂಡು ಹೋಗುವುದರಲ್ಲಿ ಅದಕ್ಕೆ ಇಂದಿಗೂ ಸಾಟಿ ಕಡಿಮೆ ಎಂದು ಒಪ್ಪಲೇಬೇಕು. ಆದರೆ ಕಾದಂಬರಿಯಲ್ಲಿ ಒಬ್ಬನದಾಗಿದ್ದ ತಪ್ಪು ಇಲಾಖೆಯ ಕೈಪಿಡಿಗೆ ಇಳಿಯುವಷ್ಟರಲ್ಲಿ ಇಡೀ ಕುಲದ್ದಾಗಿತ್ತು. ಆಗ ಧಾರವಾಡವೂ ಸೇರಿದ್ದ ಮುಂಬೈ ಪ್ರಾಂತ್ಯದ ಪೊಲೀಸ್ ಅಧಿಕಾರಿ ಎಂ. ಕೆನಡಿ 1908ರಲ್ಲಿ 'ಅಪರಾಧಿ ವರ್ಗ'ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಗಂಟಿಚೋರರಿದ್ದಾರೆ, ಹರಣಶಿಕಾರಿಗಳಿದ್ದಾರೆ. ಇಂಥ ಬರಹ ಬರೀ ಬರಹವಾಗಿ ಉಳಿಯಲಿಲ್ಲ. ಹುಟ್ಟಿದ ಮನೆಯನ್ನೇ ಅಪರಾಧವೆಂದು ಕಂಡ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ಅದು ಊರುಗೋಲಾಯಿತು. ಆ ಕಾಯ್ದೆಯ ಹೆಸರಿನಲ್ಲಿ ಹುಬ್ಬಳ್ಳಿಯಲ್ಲಿ ಜನರನ್ನು ಕೂಡಿಹಾಕಿದ ವಸಾಹತು ಎದ್ದಿತು. 1952ರಲ್ಲಿ ಕಾಯ್ದೆ ಹೋಯಿತು, ಸೆಟ್ಲಮೆಂಟ್ ಎಂಬ ಹೆಸರು ಇನ್ನೂ ಊರಿನ ಬಾಯಲ್ಲಿದೆ.

ಪುಸ್ತಕವೇನು ಕೋರ್ಟೇ, ನೆನಪು ಬರೆಯುವವನಿಗೆ ಕಲಮುಗಳ ಉಸಾಬರಿ ಯಾಕೆ ಎಂದು ಕೇಳಬಹುದು. ಕೋರ್ಟಿನ ಅಪನಂಬಿಕೆ ತಾಂತ್ರಿಕವಾದದ್ದಾಗಿದ್ದರೆ ಈ ಮಾತು ನಿಲ್ಲುತ್ತಿತ್ತು. ಠಾಣೆಯೊಳಗೆ ಮಾತು ಹೇಗೆ ಹೊರಡುತ್ತದೆಂಬುದನ್ನು ಬಲ್ಲದ್ದರಿಂದಲೇ ಕಾನೂನು ಅದನ್ನು ನಂಬಲಿಲ್ಲ; ಅದೇ ಮಾತು ಅಚ್ಚಾದರೆ ಪವಿತ್ರವಾಗುವುದಿಲ್ಲ. ಮೇಲಾಗಿ ಕೋರ್ಟಿನಲ್ಲಿ ಪಾಟೀಸವಾಲಿಗೆ ವಕೀಲನಾದರೂ ಇರುತ್ತಾನೆ, ಪುಸ್ತಕದಲ್ಲಿ ಆರೋಪಿಗೆ ಅದೂ ಇಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪೊಲೀಸರು ಕಂಡದ್ದನ್ನು ಬೇರೆ ಯಾರೂ ಕಂಡಿಲ್ಲ, ಅವರು ಬರೆಯದಿದ್ದರೆ ನಮಗೆ ತಿಳಿಯುವ ದಾರಿಯೇ ಇಲ್ಲ. ನಿಜ. ಹೆಣ ಬಾಗಿಲಿಂದ ಎಷ್ಟು ಫೂಟು ದೂರವಿತ್ತು, ಬಾವಿಕಟ್ಟೆಯ ಮೇಲೆ ಚಪ್ಪಲಿ ಒಂದೇ ಇತ್ತೋ ಎರಡೋ ಎಂದು ನೋಡುವ ಆ ಕಣ್ಣು ನಮ್ಮ ಎಷ್ಟೋ ಕಾದಂಬರಿಕಾರರಿಗಿಲ್ಲ. ಆ ಕಣ್ಣು ಸ್ಥಳದಲ್ಲಿ ಕಂಡದ್ದರ ದಾಖಲೆಯನ್ನು ಹಳೆಯ ಮೈಸೂರಿನವರು ಮಹಜರು ಎಂದರೆ ಧಾರವಾಡದ ಕಡೆ ಪಂಚನಾಮೆ ಎನ್ನುತ್ತಾರೆ. ಪೊಲೀಸ್ ಬರಹದ ನಿಜವಾದ ಆಸ್ತಿ ಅದು. ಕಾನೂನೂ ಇದಕ್ಕೆ ಒಂದು ಕಿಂಡಿ ಇಟ್ಟಿದೆ. ಹಳೆಯ ಕಾಯ್ದೆಯ 27ನೇ ಕಲಮಿನಲ್ಲಿದ್ದ, ಈಗ ಹೊಸದರ 23ನೇ ಕಲಮಿನಲ್ಲೇ ಸೇರಿರುವ ನಿಯಮದ ಪ್ರಕಾರ ಆರೋಪಿಯ ಮಾತಿನಲ್ಲಿ ವಸ್ತು ಪತ್ತೆಗೆ ಕಾರಣವಾದಷ್ಟು ಭಾಗವನ್ನು ಸಾಕ್ಷ್ಯವಾಗಿ ಬಳಸಬಹುದು. ಬರೆಯುವ ಪೊಲೀಸರಿಗೆ ಇದಕ್ಕಿಂತ ಒಳ್ಳೆಯ ಕಾವ್ಯಮೀಮಾಂಸೆ ಯಾರು ಕೊಟ್ಟಾರು!

ತಪ್ಪೊಪ್ಪಿಗೆಯ ಅಚ್ಚು ಎಷ್ಟು ಚಿಕ್ಕದೆಂದು ತಿಳಿಯಲು ಬೆಂಗಳೂರಿನ ರೌಡಿಗಳ ಲೋಕ ಬಿಟ್ಟು ಎರೆ ಸೀಮೆಗೆ ಬರಬೇಕು. ಇಲ್ಲಿಯ ಅಪರಾಧ ಬದುವಿನ ಜಗಳದ್ದು, ಕಾಲುವೆ ನೀರಿನದ್ದು, ರಾತ್ರೋರಾತ್ರಿ ಉರಿದ ಬಣವೆಯದ್ದು. ಮಾಡಿದವರ್‍ಯಾರೆಂದು ಊರಿಗೆಲ್ಲ ಗೊತ್ತು, ಸಾಕ್ಷಿ ಹೇಳುವವರಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ ಎದ್ದಾಗ ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತ ಬಸಪ್ಪ ಲಕ್ಕುಂಡಿ ಸತ್ತರು. ಪಕ್ಕದ ನರಗುಂದದಲ್ಲಿ ರೈತನೂ ಸತ್ತ, ಪೊಲೀಸರೂ ಸತ್ತರು. ಇದರಲ್ಲಿ ಬಾಯಿಬಿಡಬೇಕಾದವರು ಯಾರು? ಗುಂಡು ಹಾರಿಸಿದ ಇಲಾಖೆಯೇ ಕಥೆ ಹೇಳುವ ಜಾಗದಲ್ಲಿರುವಾಗ ತಪ್ಪೊಪ್ಪಿಗೆಯ ಈ ಕಥಾಪ್ರಕಾರ ಮೂಕವಾಗುತ್ತದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ಸಿಕ್ಕವು. ಬರದಲ್ಲಿ ಸತ್ತವರು ಎಂದರು ಕೆಲವರು, ಯುದ್ಧದಲ್ಲಿ ಎಂದರು ಕೆಲವರು. ಕಾಲನಿರ್ಣಯದ ಪರೀಕ್ಷೆಗಳೂ ಒಂದೇ ಮಾತು ಹೇಳಲಿಲ್ಲ. ಅಲ್ಲಿ ಒಪ್ಪಿಕೊಳ್ಳಲು ಆರೋಪಿಯೇ ಇಲ್ಲ. ಬುರುಡೆಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು, ಮೈಯ ಎಲುಬು ಎಲ್ಲಿ ಹೋದವು ಎಂದು ತಾಳ್ಮೆಯಿಂದ ಬರೆಯುವುದೊಂದೇ ದಾರಿ. ಅದನ್ನು ಬಲ್ಲ ಕೈ ಫೌಜದಾರನದ್ದೇ.

ಆದ್ದರಿಂದ ನವಲಗುಂದ, ಕುಂದಗೋಳ, ಕಲಘಟಗಿ ಠಾಣೆಗಳಲ್ಲಿ ದುಡಿದು ನಿವೃತ್ತರಾದ ಫೌಜದಾರರು, ಹವಾಲ್ದಾರರು ಬರೆಯಲಿ. ಆರೋಪಿ ಏನು ಹೇಳಿದ ಎಂಬುದನ್ನು ಬಿಟ್ಟು, ತಾವು ಕಣ್ಣಾರೆ ಕಂಡದ್ದನ್ನು ಬರೆಯಲಿ. ಪ್ರತಿ ಕೇಸಿನ ಕೊನೆಗೆ ಕೋರ್ಟಿನ ತೀರ್ಪನ್ನೂ ಸೇರಿಸಲಿ, ಅದು ಖುಲಾಸೆಯದ್ದಾಗಿದ್ದರೂ.