ಶಾಸನ ಮತ್ತು ಶಾಸ್ತಿ

ನಮ್ಮ ಕೇರಿಯಲ್ಲಿ ‘ಶಾಸನ’ ಎಂಬ ಮಾತನ್ನು ಯಾರೂ ಆಡಿದ್ದು ನನಗೆ ನೆನಪಿಲ್ಲ. ಕಾಯ್ದೆ ಅನ್ನುತ್ತಿದ್ದರು, ಹುಕುಂ ಅನ್ನುತ್ತಿದ್ದರು. ಎರಡೂ ಅರಬ್ಬಿಯಿಂದ ಬಂದು ಕಚೇರಿಯ ಮೂಲಕ ನಮ್ಮ ಬಾಯಿಗೆ ಇಳಿದವು. ಆದರೆ ‘ಶಾಸನ’ದ ಬೇರಿನದೇ ಇನ್ನೊಂದು ಮಾತು ಅಜ್ಜಿಯ ಬಾಯಲ್ಲಿ ದಿನಾ ಇತ್ತು. ಒಡೆಯರ ಗದ್ದೆಯಲ್ಲಿ ಉದುರಿದ ತೆನೆ ಆರಿಸಲು ಹೋಗಿ ಪೆಟ್ಟು ತಿಂದು ಬಂದ ಹುಡುಗನಿಗೆ ಅವಳು, “ಸಮಾ ಶಾಸ್ತಿ ಆಯ್ತಲ್ಲ ನಿಂಗೆ” ಅನ್ನುತ್ತಿದ್ದಳು. ಅಂದು ಅತ್ತವರ ಪೈಕಿ ನಾನೂ ಒಬ್ಬ.

ಶಾಸ್ತ್ರ, ಶಾಸನ, ಶಾಸ್ತಿ, ಶಾಸಕ, ಶಿಷ್ಯ – ಎಲ್ಲವೂ ಸಂಸ್ಕೃತದ ‘ಶಾಸ್’ ಧಾತುವಿನ ಮಕ್ಕಳು. ಕಲಿಸುವುದು, ಅಪ್ಪಣೆ ಕೊಡುವುದು, ದಂಡಿಸುವುದು, ಮೂರೂ ಅದರೊಳಗಿವೆ. ಹಂಚಿಕೆ ಮಾತ್ರ ಕೇರಿ ನೋಡಿ ನಡೆಯಿತು. ಶಿಷ್ಯರಾದವರು ಅವರು, ಶಾಸ್ತಿಗೆ ಒಳಗಾದವರು ನಾವು. (ಪಾಲಿಯಲ್ಲಿ ‘ಸಾಸನ’ ಎಂದರೆ ಬುದ್ಧನ ಬೋಧೆ. ಅಲ್ಲಿ ಕಲಿಸುವ ಅರ್ಥವೇ ಮುಂದೆ ಬಂತು. 1956ರ ನಾಗಪುರದ ದೀಕ್ಷೆಯನ್ನು ಈ ಕಡೆಯಿಂದಲೂ ಓದಬೇಕು.)

ಭಟ್ಕಳದ ಬಸದಿಗಳಲ್ಲಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಕಲ್ಲುಗಳು ಬೇಕಾದಷ್ಟಿವೆ. ವಿದ್ಯಾರ್ಥಿಯಾಗಿದ್ದಾಗ ಅವುಗಳ ಮುಂದೆ ನಾನೂ ಕೈಕಟ್ಟಿ ನಿಂತವನೆ. ನಮಗೆ ‘ಶಾಸನ ಸಾಹಿತ್ಯ’ ಎಂದು ಪಾಠ ಹೇಳಿದರು: ಅರಸನ ಹೊಗಳಿಕೆ, ದಾನದ ವಿವರ, ಗಡಿ, ಕೊನೆಗೆ ಶಾಪಾಶಯ. ಈ ಕೊನೆಯದು ಬರೀ ರೂಢಿಯ ಮಾತು, ಬಿಟ್ಟು ಮುಂದೆ ಹೋಗಿ ಎಂದರು. ನಮ್ಮ ವಿಮರ್ಶಕರು ಬಿಟ್ಟು ಹೋದ ಆ ಎರಡು ಸಾಲಿನಲ್ಲೇ ನಾನು ಸಿಕ್ಕಿಬಿದ್ದೆ.

ಕನ್ನಡನಾಡಿನ ಎಷ್ಟೋ ದಾನಶಾಸನಗಳು ಹೇಳುವುದು ಇಷ್ಟು: ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ. ಆ ಪಾಪಕ್ಕೆ ಶಿಕ್ಷೆ ಏನು? ಅದಕ್ಕೆ ಶಾಸ್ತ್ರ ತೆಗೆಯಬೇಕು. ಮನುಸ್ಮೃತಿಯ 12ನೆಯ ಅಧ್ಯಾಯದ ಪ್ರಕಾರ ಬ್ರಾಹ್ಮಣನನ್ನು ಕೊಂದವನು ನಾಯಿ, ಹಂದಿ, ಕತ್ತೆಗಳ ಯೋನಿಯಲ್ಲಿ, ಚಾಂಡಾಲರ ಯೋನಿಯಲ್ಲಿ ಹುಟ್ಟುತ್ತಾನೆ. ಕಲ್ಲು ಅರ್ಧ ಹೇಳಿತು, ಪುಸ್ತಕ ಉಳಿದರ್ಧ ಹೇಳಿತು. ಅಂದರೆ ದಾನದ ಭೂಮಿ ನುಂಗಿದ ಒಡೆಯನಿಗೆ ಇಟ್ಟ ಜೈಲು ನನ್ನ ಅವ್ವನ ಹೊಟ್ಟೆ! ಇದನ್ನು ಸಾಹಿತ್ಯವೆಂದು ನಾನು ಹೇಗೆ ಸವಿಯಲಿ? 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರರ ಮುಂದಾಳತ್ವದಲ್ಲಿ ಬೆಂಕಿಗೆ ಬಿದ್ದ ಪುಸ್ತಕದಲ್ಲಿ ಈ ಶಿಕ್ಷಾಪಟ್ಟಿಯೂ ಇತ್ತು.

ಸಂವಿಧಾನದ 13ನೆಯ ಅನುಚ್ಛೇದ ‘ಕಾನೂನು’ ಎಂಬ ಮಾತನ್ನು ಬಿಡಿಸುವ ರೀತಿ ನೋಡಿ. ಆದೇಶ, ನಿಯಮ, ಅಧಿಸೂಚನೆಗಳ ಸಾಲಿನಲ್ಲೇ ಕಾನೂನಿನ ಬಲ ಪಡೆದ ರೂಢಿ, ಆಚಾರಗಳನ್ನೂ ಅದು ಕೂರಿಸುತ್ತದೆ. ಮೂಲಭೂತ ಹಕ್ಕಿಗೆ ಅಡ್ಡ ಬಂದಷ್ಟು ಮಟ್ಟಿಗೆ ಎಲ್ಲವೂ ಅಸಿಂಧು. ‘ಅದು ಸರಕಾರದ ಕಾನೂನು, ಇದು ನಮ್ಮ ಊರಿನ ಕಟ್ಟಳೆ’ ಎಂದು ನುಣುಚಿಕೊಳ್ಳುವ ದಾರಿಯನ್ನು ಒಂದು ಪದದ ಅರ್ಥದಲ್ಲೇ ಮುಚ್ಚಿದರು.

ಆದರೂ ಕಲ್ಲಿನ ಬುದ್ಧಿ ಹೋಗಿಲ್ಲ. ಶಾಸನದ ಭೂಮಿ ಸೂರ್ಯಚಂದ್ರರಿರುವವರೆಗೆ ಅವರದು. ನಾವು ಮಾಡಿದ್ದಕ್ಕೆ ಹೆಸರೇ ‘ಬಗರ್ ಹುಕುಂ’, ಅಪ್ಪಣೆ ಇಲ್ಲದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷಗಳ ವಾಸ ತೋರಿಸಬೇಕು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಮುಕ್ರಿ, ಆಗೇರರಿಗೂ ಇದೇ ಷರತ್ತು. ಕಲ್ಲು ಕೆತ್ತಿಸಲಾಗದವರು ಕಾಗದ ಎಲ್ಲಿಂದ ತರಬೇಕು? 2008ರ ನಿಯಮಗಳು ಒಂದು ಕಿಂಡಿ ಬಿಟ್ಟಿವೆ: ಬಾವಿ, ಬದು, ಸ್ಮಶಾನವೂ ಪುರಾವೆ, ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಮಾತೂ ಪುರಾವೆ.

ಕೆಲವು ವರ್ಷಗಳ ಹಿಂದೆ ಕುಮಟಾ ಕಡೆಯ ಒಂದು ಕೇರಿಯಲ್ಲಿ ಅಂಥ ಹೇಳಿಕೆ ಬರೆದುಕೊಳ್ಳಲು ಕೂತಿದ್ದೆ. ಪಕ್ಕದ ಮನೆಯವರ ಅರ್ಜಿ. ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಬರಕೋ ತಮಾ. ಆ ಬಾವಿ ಇವನ ಅಜ್ಜ ತೋಡಿದ್ದು. ಕಲ್ಲು ಹೊತ್ತದ್ದು ನನ್ನ ಅಪ್ಪ.”